ಹೊಲದ ಮಧ್ಯೆ ಟ್ರ್ಯಾಕ್ಟರ್ ನಿಂತಾಗ: ಮೊದಲೇ ಇದ್ದ ದೋಷ ಯಾವುದು, ರಿಪೇರಿಯಲ್ಲಿ ಹುಟ್ಟಿದ್ದು ಯಾವುದು

ಲಕ್ಷಣ ಇಷ್ಟು. ಬೆಳಿಗ್ಗೆ ಟ್ರ್ಯಾಕ್ಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹಿಂದೆ ಕಟ್ಟಿದ ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಇಳಿಸಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎಳೆತ ಕಡಿಮೆಯಾಗುತ್ತಾ ಬರುತ್ತದೆ, ಎಂಜಿನ್ ಸದ್ದು ಕುಗ್ಗುತ್ತದೆ, ಎಕ್ಸಲರೇಟರ್ ಎಷ್ಟು ಕೊಟ್ಟರೂ ಏರುವುದಿಲ್ಲ, ಕೊನೆಗೆ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್) ಹೊಡೆದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ನನ್ನ ಟ್ರ್ಯಾಕ್ಟರ್ ಹೀಗೆ ನಿಂತದ್ದು ಬೆಳಿಗ್ಗೆ ಎಂಟು ಗಂಟೆಗೆ. ಅಲ್ಲಿಂದ ಸಂಜೆವರೆಗೆ ಡೀಸೆಲ್ ಫಿಲ್ಟರಿನ ಏರ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ಸ್ಕ್ರೂ) ಮುರಿಯಿತು, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು, ಬ್ಯಾಟರಿ ಕಂಬದ (ಕೇಬಲ್ ಸಿಕ್ಕಿಸುವ ಟರ್ಮಿನಲ್) ಬುಡ ಸೀಳಿತು, ಸೆಲ್ಫ್ ಮೋಟರ್ ಮುಟ್ಟಲಾಗದಷ್ಟು ಬಿಸಿಯಾಯಿತು. ಇವುಗಳಲ್ಲಿ ಒಂದು ದೋಷವೂ ಬೆಳಿಗ್ಗೆ ಇರಲಿಲ್ಲ. ಬೆಳಿಗ್ಗೆ ಇದ್ದ ದೋಷ ಒಂದೇ: ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿ ತೂತು ಕಟ್ಟಿಕೊಂಡಿತ್ತು. ಅದನ್ನು ನೋಡಲು ಒಂದು ನಿಮಿಷ ಸಾಕು, ಯಾವ ಸ್ಪ್ಯಾನರೂ ಬೇಡ.

ಹಾಗಾಗಿ ಈ ಬರಹದಲ್ಲಿ ಎರಡು ವಿಷಯ ಒಟ್ಟಿಗೆ ಬರುತ್ತವೆ. ಓಡುತ್ತಾ ಓಡುತ್ತಾ ನಿಲ್ಲುವ ಡೀಸೆಲ್ ಎಂಜಿನ್ನಿನ ದೋಷ ಹುಡುಕುವುದು ಹೇಗೆ ಅನ್ನುವುದು ಒಂದು. ಹುಡುಕುವಾಗ ನಾವೇ ಹೊಸ ದೋಷ ಸೇರಿಸದೆ ಇರುವುದು ಹೇಗೆ ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಪ್ರಶ್ನೆ ನನಗೆ ಈಗ ಜಾಸ್ತಿ ಸಹಾಯ ಮಾಡುತ್ತದೆ. ಹೊಸ ಲಕ್ಷಣ ಏನೇ ಕಂಡರೂ ಮೊದಲು ಕೇಳಿಕೊಳ್ಳಿ, ಇದು ಬೆಳಿಗ್ಗೆ ಇತ್ತಾ? ಇರಲಿಲ್ಲ ಅಂದರೆ, ಕೊನೆಯದಾಗಿ ಕೈ ಹಾಕಿದ ಜಾಗಕ್ಕೆ ವಾಪಸ್ ಹೋಗಿ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಅಲ್ಲೇ ಇರುತ್ತದೆ.

ಕೈ ಹಾಕುವ ಮೊದಲು

ಪಿ.ಟಿ.ಒ. (ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟ್) ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಶಾಫ್ಟ್ ಪೂರ್ತಿ ನಿಂತ ಮೇಲೆ ಮಾತ್ರ ಹಿಂದಕ್ಕೆ ಹೋಗಿ. ರೋಟವೇಟರ್ ನೆಲಕ್ಕೆ ಇಳಿದಿರಲಿ, ಹೈಡ್ರಾಲಿಕ್ ಹಿಡಿದಿದೆಯಲ್ಲ ಎಂದು ಅದರ ಕೆಳಗೆ ಕೈ ಹಾಕಬೇಡಿ. ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್, ಗಾಲಿಗೆ ಒಂದು ಕಲ್ಲು.

ಇನ್ನೊಂದು ಕೆಲಸ, ಇದಕ್ಕೆ ಎರಡು ನಿಮಿಷವೂ ಬೇಡ. ಬಿಚ್ಚುವ ಮೊದಲು ಆ ಜಾಗದ ಫೋಟೋ ತೆಗೆದುಕೊಳ್ಳಿ. ಯಾವ ಪೈಪು ಎಲ್ಲಿಗೆ, ವಾಷರ್ ಯಾವ ಕಡೆ, ಕ್ಲಿಪ್ ಹೇಗೆ ಕೂತಿತ್ತು ಅನ್ನುವುದು ಮಧ್ಯಾಹ್ನದ ಹೊತ್ತಿಗೆ ನೆನಪಿರುವುದಿಲ್ಲ, ಅದರಲ್ಲೂ ಕೆಲಸ ಕೈ ಮೀರುತ್ತಿದೆ ಅನ್ನಿಸಿದಾಗ ಖಂಡಿತ ನೆನಪಿರುವುದಿಲ್ಲ.

ನಿಂತ ರೀತಿ ಏನು ಹೇಳುತ್ತದೆ

ಡೀಸೆಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ, ಡೀಸೆಲ್, ಮತ್ತು ಆ ಗಾಳಿಯನ್ನು ಒತ್ತಿ ಬಿಸಿ ಮಾಡುವ ಕಂಪ್ರೆಷನ್. ಕಾಲು ಗಂಟೆ ಬಿಟ್ಟರೆ ಮತ್ತೆ ಸಲೀಸಾಗಿ ಸ್ಟಾರ್ಟ್ ಆಗುತ್ತಿದೆ ಅಂದರೆ ಕಂಪ್ರೆಷನ್ ಕಡೆ ಸದ್ಯಕ್ಕೆ ಹೋಗಬೇಕಿಲ್ಲ. ಉಳಿದದ್ದು ಗಾಳಿ ಮತ್ತು ಡೀಸೆಲ್. ಇವೆರಡನ್ನು ಬೇರೆ ಮಾಡಲು ಹೊಗೆ ನೋಡಿ.

ಕಪ್ಪು ಹೊಗೆ ಬಿಡುತ್ತಾ ಎಳೆತ ಕಡಿಮೆಯಾದರೆ ಡೀಸೆಲ್ ಬರುತ್ತಿದೆ, ಅದನ್ನು ಉರಿಸುವಷ್ಟು ಗಾಳಿ ಸಿಗುತ್ತಿಲ್ಲ, ಇಲ್ಲವೇ ಲೋಡ್ ಜಾಸ್ತಿಯಾಗಿದೆ. ಏರ್ ಕ್ಲೀನರ್ ನೋಡಿ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆದರೆ ಎಣ್ಣೆ ಮಣ್ಣಾಗಿ ಗಟ್ಟಿಯಾಗಿರುತ್ತದೆ, ಒಣ ಫಿಲ್ಟರ್ ಆದರೆ ಮಡಿಕೆಗಳ ಮಧ್ಯೆ ಧೂಳು ಕೂತಿರುತ್ತದೆ, ಬಹಳ ದಿನ ನಿಂತ ಗಾಡಿಯಾದರೆ ಇಲಿ ಗೂಡು ಕಟ್ಟಿರುವುದೂ ಉಂಟು. ಹೊಗೆಯೇ ಇಲ್ಲದೆ ಎಂಜಿನ್ ಸೊರಗಿ ನಿಂತರೆ ಡೀಸೆಲ್ ಸಾಲುತ್ತಿಲ್ಲ. ನಿಂತ ಕೂಡಲೇ ಸೆಲ್ಫ್ ಹೊಡೆದು ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಏನೂ ಬರದಿದ್ದರೆ ಡೀಸೆಲ್ ಅಲ್ಲಿವರೆಗೆ ಮುಟ್ಟಿಯೇ ಇಲ್ಲ.

ಟೆಂಪರೇಚರ್ ಮುಳ್ಳನ್ನೂ ನೋಡಿಬಿಡಿ, ಬಿಸಿಯಾಗಿ ನಿಂತಿದ್ದರೆ ಅದು ಬೇರೆಯೇ ವಿಷಯ.

ನನ್ನದು ಹೊಗೆ ಇಲ್ಲದೆ ನಿಂತಿತ್ತು. ಡೀಸೆಲ್ ಕಡೆಯ ದೋಷ ಅಂದುಕೊಂಡೆ, ಅದು ಸರಿಯೇ. ಆದರೆ ಡೀಸೆಲ್ ಅಂದರೆ ಫಿಲ್ಟರ್ ಎಂದು ನೇರವಾಗಿ ಸ್ಪ್ಯಾನರ್ ತಂದೆ. ಟ್ಯಾಂಕಿನಿಂದ ಫಿಲ್ಟರ್‌ವರೆಗೆ ಏನೇನಿದೆ ಎಂದು ನೋಡಲೇ ಇಲ್ಲ. ಇಡೀ ದಿನ ಹಾಳಾದದ್ದು ಆ ಒಂದು ಹೆಜ್ಜೆಯಲ್ಲಿ.

ಏನನ್ನೂ ಬಿಚ್ಚದೆ ನೋಡಬಹುದಾದವು

ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯಾ? ನಾಬ್ ಒಳಗಿದ್ದರೂ ಆ ಕಡೆ ಡೀಸೆಲ್ ಪಂಪಿನ (ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಹತ್ತಿರ ಲಿವರ್ ಅರ್ಧಕ್ಕೆ ಸಿಕ್ಕಿಕೊಂಡಿರಬಹುದು, ಕೈಯಿಂದ ಅಲ್ಲಾಡಿಸಿ ನೋಡಿ. ಟ್ಯಾಂಕ್ ಕೆಳಗಿನ ಕಾಕ್ (ಡೀಸೆಲ್ ಬಿಡುವ ನಲ್ಲಿ) ಪೂರ್ತಿ ತೆರೆದಿದೆಯಾ? ಗಾಜಿನ ಬಟ್ಟಲು ಇದ್ದರೆ ತಳದಲ್ಲಿ ನೀರು ಇದೆಯಾ? ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ಕೆಳಗೆ ಬೇರೆಯಾಗಿ ಕಾಣುತ್ತದೆ, ಮೇಲಿನ ಡೀಸೆಲ್‌ಗೂ ಅದಕ್ಕೂ ನಡುವೆ ಒಂದು ಗೆರೆ ಇರುತ್ತದೆ. ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲೇ ನೀರು ನಿಂತು ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದು ತಿಳಿಯಿರಿ. ಆಗ ಫಿಲ್ಟರ್ ಎಷ್ಟು ಸಲ ಬದಲಿಸಿದರೂ ಟ್ಯಾಂಕ್ ತೊಳೆಯುವವರೆಗೆ ಪ್ರಯೋಜನವಿಲ್ಲ.

ಆಮೇಲೆ ಮುಚ್ಚಳ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ನೋಡುವವರು ಕಡಿಮೆ.

ಟ್ಯಾಂಕಿನಿಂದ ಡೀಸೆಲ್ ಖರ್ಚಾದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕಾಗಿ ಎಷ್ಟೋ ಟ್ರ್ಯಾಕ್ಟರುಗಳ ಮುಚ್ಚಳದಲ್ಲೇ ಸಣ್ಣ ತೂತು ಇರುತ್ತದೆ, ಕೆಲವದರಲ್ಲಿ ಬೇರೆ ಪೈಪು ಇರುತ್ತದೆ. ಮುಚ್ಚಳದ ಮೇಲೆ ಚೆಲ್ಲಿದ ಡೀಸೆಲ್, ಅದರ ಮೇಲೆ ಹೊಲದ ಧೂಳು, ಹೀಗೆ ಪದರ ಕಟ್ಟಿ ತೂತು ಮುಚ್ಚಿಹೋದರೆ ಟ್ಯಾಂಕ್ ಒಳಗೆ ಒತ್ತಡ ಇಳಿಯುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಬಾಯಿಟ್ಟು ಹೀರಿದರೆ ಬಾಟಲಿ ಒಳಕ್ಕೆ ಕುಗ್ಗಿ, ಕೊನೆಗೆ ಎಷ್ಟು ಹೀರಿದರೂ ನೀರು ಬರುವುದಿಲ್ಲ ಅಲ್ವಾ, ಟ್ಯಾಂಕಿನಿಂದ ಡೀಸೆಲ್ ಹೀರಿ ಮುಂದೆ ಕಳಿಸುವ ಫೀಡ್ ಪಂಪಿಗೂ ಹಾಗೆಯೇ ಆಗುತ್ತದೆ. ಎಂಜಿನ್ ನಿಂತ ಮೇಲೆ ಗಾಳಿ ಎಲ್ಲೋ ಸಂದಿಯಿಂದ ನಿಧಾನವಾಗಿ ಒಳಗೆ ಬಂದು ಒತ್ತಡ ಸರಿಯಾಗುತ್ತದೆ. ಕಾಲು ಗಂಟೆ ಬಿಟ್ಟರೆ ಗಾಡಿ ತಾನಾಗಿ ಸರಿಹೋಗುವುದು ಅದಕ್ಕೇ.

ಒಂದು ಗುರುತು ಇದೆ. ಟ್ಯಾಂಕ್ ತುಂಬಿಸಿದ ದಿನ ಬೇಗ ನಿಲ್ಲುತ್ತದಾ, ಅರ್ಧ ಟ್ಯಾಂಕ್ ಇದ್ದಾಗ ಜಾಸ್ತಿ ಹೊತ್ತು ಓಡುತ್ತದಾ ನೋಡಿ. ಟ್ಯಾಂಕ್ ತುಂಬಿದ್ದು ಮೇಲೆ 5 ಲೀಟರ್ ಗಾಳಿ ಮಾತ್ರ ಇದೆ ಅಂದುಕೊಳ್ಳಿ. ತೂತು ಪೂರ್ತಿ ಮುಚ್ಚಿರುವಾಗ 5 ಲೀಟರ್ ಡೀಸೆಲ್ ಖರ್ಚಾದರೆ ಅಷ್ಟೇ ಗಾಳಿ 10 ಲೀಟರ್ ಜಾಗಕ್ಕೆ ಹರಡಬೇಕು, ಒತ್ತಡ ಅರ್ಧಕ್ಕೆ ಬೀಳುತ್ತದೆ. ಅದೇ 40 ಲೀಟರ್ ಗಾಳಿ ಇದ್ದಾಗ 5 ಲೀಟರ್ ಖರ್ಚಾದರೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಇಳಿಯುತ್ತದೆ. ನಾನು ಹಿಂದಿನ ರಾತ್ರಿಯೇ ಟ್ಯಾಂಕ್ ಕಂಠದವರೆಗೆ ತುಂಬಿಸಿದ್ದೆ. ಅದರ ಹಿಂದಿನ ವಾರ ಅರ್ಧ ಟ್ಯಾಂಕಿನಲ್ಲಿ ಓಡಿಸುವಾಗ ಒಂದು ಸಲ ಮಾತ್ರ ಎಳೆತ ಕಡಿಮೆ ಅನ್ನಿಸಿತ್ತು, ನಾನು ಗಮನ ಕೊಟ್ಟಿರಲಿಲ್ಲ.

ಪರೀಕ್ಷೆ ಹೀಗೆ. ಎಳೆತ ಕುಗ್ಗಲು ಶುರುವಾದ ಕೂಡಲೇ ಗಾಡಿ ನಿಲ್ಲಿಸಿ, ಪಿ.ಟಿ.ಒ. ಬಿಡಿಸಿ, ಮುಚ್ಚಳ ನಿಧಾನವಾಗಿ ಸಡಿಲಿಸಿ. ಉಸಿರು ಎಳೆದುಕೊಂಡ ಹಾಗೆ ಸದ್ದು ಬಂದರೆ ಉತ್ತರ ಸಿಕ್ಕಿತು. ಸದ್ದು ಬರದಿದ್ದರೂ ಮುಚ್ಚಳ ಸಡಿಲವಾಗಿ ಇಟ್ಟು, ಬಟ್ಟೆ ಹೊದಿಸಿ, ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಓಡಿಸಿ ನೋಡಿ. ನಿಲ್ಲದಿದ್ದರೆ ಮುಚ್ಚಳವೇ ಕಾರಣ. ತೆಳ್ಳಗಿನ ತಂತಿಯಿಂದ ತೂತು ಬಿಡಿಸಿ, ಡೀಸೆಲ್‌ನಲ್ಲಿ ತೊಳೆದು, ಒಳಗಿನಿಂದ ಊದಿ ನೋಡಿ. ಕೆಲವು ಮುಚ್ಚಳಗಳಲ್ಲಿ ತೂತಿನ ಹಿಂದೆ ಸಣ್ಣ ವಾಲ್ವ್ ಇರುತ್ತದೆ, ಅದಕ್ಕೆ ತಂತಿ ಚುಚ್ಚಬೇಡಿ, ತೊಳೆದರೂ ಹೊರಗಿನಿಂದ ಒಳಕ್ಕೆ ಗಾಳಿ ಹೋಗದಿದ್ದರೆ ಮುಚ್ಚಳ ಬದಲಿಸಿ.

ನನಗೆ ಇದು ಗೊತ್ತಾದದ್ದು ಸಂಜೆ. ಎಲ್ಲ ರಿಪೇರಿ ಮುಗಿದು ಐದು ಗಂಟೆಗೆ ಗಾಡಿ ಸ್ಟಾರ್ಟ್ ಆಗಿ, ಅರ್ಧ ಗಂಟೆ ಓಡಿ, ಬೆಳಿಗ್ಗೆ ನಿಂತ ಹಾಗೆಯೇ ನಿಂತಿತು. ನಾನು ಮಣ್ಣಿನ ಮೇಲೆ ಕೂತುಬಿಟ್ಟೆ. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ ನೋಡೋಣ ಎಂದು ನನ್ನ ತಮ್ಮ ಬಾನೆಟ್ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದ. ‘ಅಣ್ಣಾ, ಇಲ್ಲಿ ಬಾ, ಇದು ಗಾಳಿ ಎಳೀತಿದೆ’ ಅಂದ. ಅಷ್ಟು ದೂರಕ್ಕೂ ಕೇಳಿಸಿತು, ಮೂರು ನಾಲ್ಕು ಸೆಕೆಂಡು ಒಂದೇ ಸಮನೆ ಬಂದ ಸದ್ದು. ಮುಚ್ಚಳ ಕೈಗೆ ತೆಗೆದುಕೊಂಡು ನೋಡಿದರೆ ತೂತು ಇದ್ದ ಜಾಗದಲ್ಲಿ ಕಪ್ಪು ಮೇಣದಂಥ ಗಟ್ಟಿ ಮಣ್ಣು. ಉಗುರಿಗೆ ಬರಲಿಲ್ಲ, ತಂತಿಯಿಂದ ಕೆದಕಿದಾಗ ಸಾಸಿವೆಯಷ್ಟು ಒಂದು ಹೆಂಟೆ ಉದುರಿತು.

ಮುಚ್ಚಳ ಸಡಿಲಿಸಿದರೂ ನಿಂತರೆ

ಆಗ ಟ್ಯಾಂಕಿನಿಂದ ಹೊರಬರುವ ದಾರಿ ನೋಡಿ. ಟ್ಯಾಂಕ್ ಎತ್ತರದಲ್ಲಿರುವ ಗಾಡಿಗಳಲ್ಲಿ ಸುಲಭ. ಕಾಕ್ ಮುಚ್ಚಿ, ಫೀಡ್ ಪಂಪಿಗೆ ಬರುವ ಪೈಪು ಬಿಚ್ಚಿ, ಡಬ್ಬಿಯೊಳಗೆ ಹಿಡಿದು, ಕಾಕ್ ತೆರೆಯಿರಿ. ಡೀಸೆಲ್ ಪೈಪು ತುಂಬಿ ಬೀಳಬೇಕು. ಎರಡು ನಿಮಿಷ ಬಿಟ್ಟು ನೋಡಿ, ಯಾಕೆಂದರೆ ಟ್ಯಾಂಕಿನೊಳಗೆ ಎಲೆ ಚೂರು, ಬಟ್ಟೆ ಎಳೆ ಇದ್ದರೆ ಮೊದಲು ಸರಿಯಾಗಿ ಬಂದು ಆಮೇಲೆ ಹರಿವಿನ ಜೊತೆ ತೂತಿಗೆ ಬಂದು ಅಂಟಿಕೊಳ್ಳುತ್ತದೆ, ಎಂಜಿನ್ ನಿಂತಾಗ ಮತ್ತೆ ಬಿಟ್ಟುಕೊಳ್ಳುತ್ತದೆ. ಲಕ್ಷಣ ಮುಚ್ಚಳದ ದೋಷದ ಹಾಗೆಯೇ ಇರುತ್ತದೆ. ಮುಚ್ಚಳ ತೆರೆದಿಟ್ಟರೂ ಹರಿವು ಸಣ್ಣದಾದರೆ ಇದೇ ಅನ್ನಬಹುದು. ಹಿಮ್ಮುಖವಾಗಿ ಗಾಳಿ ಊದಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ, ಕಸ ಮಾತ್ರ ಟ್ಯಾಂಕಿನಲ್ಲೇ ಉಳಿದಿರುತ್ತದೆ.

ಇದೂ ಸರಿ ಇದ್ದರೆ ಫಿಲ್ಟರ್. ಕಟ್ಟಿಕೊಂಡ ಫಿಲ್ಟರಿನ ನಡತೆ ಬೇರೆ. ಲೋಡ್ ಇಲ್ಲದಾಗ ಎಂಜಿನ್ ಚೆನ್ನಾಗಿರುತ್ತದೆ, ಲೋಡ್ ಕೊಟ್ಟ ಕೂಡಲೇ ಸೊರಗುತ್ತದೆ, ಕಾಲು ಗಂಟೆ ಬಿಟ್ಟರೂ ಪೂರ್ತಿ ಸರಿಹೋಗುವುದಿಲ್ಲ, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತದೆ.

ಫಿಲ್ಟರ್ ಬದಲಿಸುವಾಗ ಹೊರಗಿನ ಧೂಳನ್ನು ಮೊದಲು ತೊಳೆಯಿರಿ. ಹಳೆಯ ಫಿಲ್ಟರ್ ತೆಗೆದ ಮೇಲೆ ಮೇಲ್ಭಾಗದಲ್ಲಿ ರಿಂಗ್ ಕೂರುವ ತೋಡಿನಲ್ಲಿ ಬೆರಳಾಡಿಸಿ, ಹಳೆಯ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡಿರುವುದು ಬಹಳ ಸಾಮಾನ್ಯ. ಅದರ ಮೇಲೆ ಹೊಸ ರಿಂಗ್ ಕೂರಿಸಿದರೆ ಎಷ್ಟು ಬಿಗಿದರೂ ಅಲ್ಲಿಂದ ಡೀಸೆಲ್ ಸೋರುತ್ತದೆ ಅಥವಾ ಗಾಳಿ ಎಳೆಯುತ್ತದೆ. ಸೋರುತ್ತಿದೆಯಲ್ಲ ಎಂದು ಇನ್ನೂ ಬಿಗಿಯುತ್ತೀರಿ, ಥ್ರೆಡ್ ಹೋಗುತ್ತದೆ. ಒಂದು ರಿಪೇರಿಯಿಂದ ಇನ್ನೊಂದು ಹುಟ್ಟುವುದು ಹೀಗೇ.

ಏರ್ ತೆಗೆಯುವುದು

ಫಿಲ್ಟರ್ ಬಿಚ್ಚಿದ ಮೇಲೆ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ ಎನ್ನಬಹುದು, ಹಾಗಾಗಿ ಲೈನಿನಲ್ಲಿ ಗಾಳಿ ಇದ್ದರೆ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ. ಏರ್ ತೆಗೆಯದೆ ಸುಮ್ನೆ ಸೆಲ್ಫ್ ಹೊಡೆಯುವುದು ಬ್ಯಾಟರಿಗೂ ಸೆಲ್ಫ್ ಮೋಟರಿಗೂ ಕೇಡು.

ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ ಬನ್ನಿ. ಕಾಕ್ ತೆರೆಯಿರಿ. ಮೊದಲ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈ ಲಿವರ್ ಆಡಿಸಿ. ಮೊದಲು ಬುಸುಬುಸು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಬಿಟ್ಟು ಬಿಟ್ಟು ಬರುತ್ತದೆ, ಕೊನೆಗೆ ಗಾಜಿನ ಕಡ್ಡಿಯ ಹಾಗೆ ತಿಳಿಯಾದ ಧಾರೆ ಬರುತ್ತದೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಎರಡನೇ ಫಿಲ್ಟರ್ ಇದ್ದರೆ ಅದು, ಆಮೇಲೆ ಡೀಸೆಲ್ ಪಂಪಿನ ಮೇಲಿನ ಸ್ಕ್ರೂ. ಇಷ್ಟಕ್ಕೆ ಸ್ಟಾರ್ಟ್ ಆಗದಿದ್ದರೆ ನಾಜಲ್ ಕಡೆಯ ಪೈಪು ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಸ್ಟಾಪ್ ನಾಬ್ ಒಳಗಿಟ್ಟು, ಎಕ್ಸಲರೇಟರ್ ಪೂರ್ತಿ ಕೊಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದ ನಟ್ ಬಿಗಿಯುತ್ತಾ ಹೋಗಿ.

ಎರಡು ಎಚ್ಚರಿಕೆ. ನಾಜಲ್ ಪೈಪಿನ ಸೋರಿಕೆಯನ್ನು ಬೆರಳಿಂದ ಮುಟ್ಟಿ ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಕಾಮನ್ ರೈಲ್ ಎಂಜಿನ್ (ಎಲ್ಲ ನಾಜಲ್‌ಗಳಿಗೂ ಒಂದೇ ಅಧಿಕ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದ್ದು) ಇರುವ ಹೊಸ ಟ್ರ್ಯಾಕ್ಟರುಗಳಲ್ಲಿ ನಾಜಲ್ ಪೈಪಿನ ನಟ್ ಹೀಗೆ ಸಡಿಲಿಸಲೇ ಬಾರದು. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ.

ಕೈ ಲಿವರ್ ಆಡಿಸಿದರೂ ಏನೂ ಒತ್ತಿದ ಹಾಗೆ ಅನ್ನಿಸದಿದ್ದರೆ ಫೀಡ್ ಪಂಪ್ ಹೋಗಿದೆ ಎಂದು ಬಿಚ್ಚಬೇಡಿ. ಅದನ್ನು ಆಡಿಸುವ ಕ್ಯಾಮ್ ಆ ಹೊತ್ತಿಗೆ ಮೇಲಕ್ಕೆ ಬಂದು ನಿಂತಿದ್ದರೆ ಲಿವರಿಗೆ ಆಡಲು ಜಾಗವೇ ಇರುವುದಿಲ್ಲ. ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಎಂಜಿನ್ ಒಂದು ಸುತ್ತು ಬಂದರೆ ಕ್ಯಾಮ್ ಅರ್ಧ ಸುತ್ತು ಬರುತ್ತದೆ, ಲಿವರ್ ಸರಿಯಾಗಿ ಹಿಡಿಯುತ್ತದೆ. ಎಷ್ಟೋ ಒಳ್ಳೆಯ ಪಂಪುಗಳು ಇದು ಗೊತ್ತಿಲ್ಲದೆ ಬಿಚ್ಚಿಸಿಕೊಂಡಿವೆ.

ಏರ್ ಸ್ಕ್ರೂ ಮುರಿದರೆ

ನನ್ನ ಮೊದಲ ಹೊಸ ದೋಷ ಇದು. ಸ್ಕ್ರೂ ತಲೆ ಮಣ್ಣಿನಿಂದ ಮುಚ್ಚಿತ್ತು, ಕೈಗೆ ಸಿಕ್ಕ ಬಾಯಿ ಸ್ಪ್ಯಾನರ್ ಹಾಕಿದೆ, ಅಳತೆ ಒಂದು ಸೈಜ್ ದೊಡ್ಡದು. ಎರಡನೇ ಎಳೆತಕ್ಕೆ ಮೂಲೆಗಳು ಸವೆದು ದುಂಡಗಾದವು, ಆಮೇಲೆ ಪ್ಲೈಯರ್ ಹಾಕಿ ತಿರುಗಿಸಿದೆ, ತಲೆ ಕಿತ್ತು ಬಂತು.

ಮೆತ್ತನೆ ಲೋಹದ ಸಣ್ಣ ಸ್ಕ್ರೂ ಇವು. ತಲೆಯನ್ನು ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದು, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಹಾಕಿ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆ. ಹಿಡಿದ ತುಕ್ಕು ಬಿಟ್ಟುಕೊಂಡದ್ದು ಕೈಗೇ ಗೊತ್ತಾಗುತ್ತದೆ.

ಇಷ್ಟಾದರೂ ತಲೆ ಮುರಿದು, ಉಳಿದ ತುಂಡು ಒಳಗೆ ಬಿಗಿಯಾಗಿ ಕೂತು ಸೋರದೆ ಇದ್ದರೆ, ದಯವಿಟ್ಟು ಅದನ್ನು ಹಾಗೇ ಬಿಡಿ. ಅದು ಆ ದಿನದ ಮಟ್ಟಿಗೆ ಒಂದು ಬಿರಡೆ, ಅಷ್ಟೇ. ಫಿಲ್ಟರಿನಿಂದ ಹೊರಹೋಗುವ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ ಅಲ್ಲಿಂದಲೂ ಏರ್ ತೆಗೆಯಬಹುದು. ನಾನು ಇದನ್ನು ಯೋಚಿಸದೆ ಮೊಳೆ, ಸುತ್ತಿಗೆ ಹಿಡಿದು ಆ ತುಂಡನ್ನು ಕೆದಕಿದೆ. ಸೋರದ ಜಾಗ ಸೋರಲು ಶುರುವಾಯಿತು. ಫಿಲ್ಟರಿನ ಮೇಲ್ಭಾಗವನ್ನೇ ಬದಲಿಸಬೇಕಾಯಿತು, ಅದನ್ನು ತರಲು ತಮ್ಮ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಪೈಪು ಬೋಲ್ಟುಗಳ ಎರಡೂ ಬದಿಯ ತಾಮ್ರದ ವಾಷರ್ ಒಂದು ಸಲ ಬಿಗಿದ ಮೇಲೆ ಗಟ್ಟಿಯಾಗುತ್ತದೆ. ಹೊಸದು ಹಾಕುವುದೇ ಒಳ್ಳೆಯದು. ಇಲ್ಲದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ಆರಿಸಿದರೆ ತಾಮ್ರ ಮತ್ತೆ ಮೆದುವಾಗುತ್ತದೆ, ಮಸಿ ಉಜ್ಜಿ ಹಾಕಬಹುದು. ಕಾಯಿಸುವ ಕೆಲಸ ಡೀಸೆಲ್ ಇರುವ ಜಾಗದಿಂದ ದೂರ ಮಾಡಿ. ಥ್ರೆಡ್‌ಗೆ ನೀರಿನ ಪೈಪಿನ ಬಿಳಿ ಟೇಪ್ ಸುತ್ತಬೇಡಿ. ಇಲ್ಲಿ ಸೋರಿಕೆ ತಡೆಯುವುದು ವಾಷರ್, ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಡೀಸೆಲ್ ಪಂಪಿಗೆ ತೊಂದರೆ.

ಫೀಡ್ ಪಂಪಿಗಿಂತ ಹಿಂದಿನ ಜಾಯಿಂಟ್ ಸಡಿಲವಿದ್ದರೆ ಇನ್ನೊಂದು ತೊಡಕು. ಪಂಪ್ ಅಲ್ಲಿಂದ ಹೀರುತ್ತಿರುವಾಗ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗಬಹುದು, ಹೊರಗೆ ಒಣಗಿಯೇ ಇರುತ್ತದೆ. ಅನುಮಾನ ಬಂದರೆ ಕೆಳ ಒತ್ತಡದ ಲೈನಿನಲ್ಲಿ, ಫಿಲ್ಟರಿಗೂ ಡೀಸೆಲ್ ಪಂಪಿಗೂ ಮಧ್ಯೆ, ಪಾರದರ್ಶಕ ಪೈಪಿನ ತುಂಡು ಸ್ವಲ್ಪ ಹೊತ್ತಿಗೆ ಹಾಕಿ ನೋಡಿ. ಗುಳ್ಳೆ ಓಡುತ್ತಿದ್ದರೆ ಕಣ್ಣಿಗೇ ಕಾಣುತ್ತದೆ.

ಸೆಲ್ಫ್ ಸುತ್ತದಿದ್ದರೆ

ಏರ್ ತೆಗೆಯುವ ಹೊತ್ತಿಗೆ ನಾನು ಎಷ್ಟು ಸಲ ಸೆಲ್ಫ್ ಹೊಡೆದಿದ್ದೆ ಎಂದು ಲೆಕ್ಕವಿಲ್ಲ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ಮಧ್ಯೆ ಒಂದೆರಡು ನಿಮಿಷ ಬಿಡಿ. ಬ್ಯಾಟರಿ ಇಳಿದು ಎಂಜಿನ್ ನಿಧಾನವಾಗಿ ಸುತ್ತಿದರೆ ಒಳಗೆ ಗಾಳಿ ಸಾಕಷ್ಟು ಬಿಸಿಯಾಗುವುದಿಲ್ಲ, ಡೀಸೆಲ್ ಬಂದರೂ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಅದನ್ನು ನೋಡಿ ಡೀಸೆಲ್ ಲೈನ್ ಇನ್ನೂ ಸರಿಯಾಗಿಲ್ಲ ಎಂದು ಮತ್ತೆ ಬಿಚ್ಚಲು ಹೋಗಬೇಡಿ. ನಾನು ಹೋದೆ, ಸರಿಯಾಗಿದ್ದ ಎರಡು ಜಾಯಿಂಟ್ ಮತ್ತೆ ಬಿಚ್ಚಿದೆ, ಮತ್ತೆ ಗಾಳಿ ಸೇರಿತು.

ಸದ್ದು ಕೇಳಿಸಿಕೊಳ್ಳಿ. ಟಕಟಕಟಕ ಎಂದರೆ ಬ್ಯಾಟರಿ ಇಳಿದಿದೆ. ಟಕ್ ಎಂದು ಒಂದೇ ಸದ್ದು ಬಂದು ಸುಮ್ಮನಾದರೆ ಕೇಬಲ್ ಜಾಯಿಂಟ್, ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ಅಥವಾ ಸೆಲ್ಫ್ ಮೋಟರ್. ಏನೂ ಸದ್ದಿಲ್ಲದಿದ್ದರೆ ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್, ಫ್ಯೂಸ್, ಕೀ ಸ್ವಿಚ್.

ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಇದ್ದ 12 ವೋಲ್ಟ್ ಬ್ಯಾಟರಿ ತುಂಬಿದ್ದರೆ 12.6 ತೋರಿಸುತ್ತದೆ, 12.2 ಅಂದರೆ ಅರ್ಧ, 12ಕ್ಕಿಂತ ಕಡಿಮೆ ಅಂದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ನಿಧಾನವಾದರೆ, ಸ್ಟಾಪ್ ನಾಬ್ ಎಳೆದಿಟ್ಟು, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಸಿ. 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಮೈನಸ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ಇದೇ ರೀತಿ ಅಳೆಯಿರಿ, ಅಲ್ಲಿ 0.3 ದಾಟಬಾರದು. ಮೀಟರ್ ಇಲ್ಲದಿದ್ದರೆ ಸೆಲ್ಫ್ ಹೊಡೆದು ಬಿಟ್ಟ ಮೇಲೆ ಜಾಯಿಂಟುಗಳ ಹತ್ತಿರ ಕೈ ಒಯ್ಯಿರಿ, ಹಿಡಿತ ಸರಿಯಿಲ್ಲದ್ದು ಬಿಸಿಯಾಗಿರುತ್ತದೆ. ನನ್ನ ಪ್ಲಸ್ ಟರ್ಮಿನಲ್ ಬಿಸಿಯಾಗಿತ್ತು, ಸುತ್ತಲೂ ಹಸಿರು ಬಿಳಿ ಪುಡಿ.

ಅದನ್ನು ಬಿಡಿಸಲು ಸುತ್ತಿಗೆಯಿಂದ ತಟ್ಟಿದ್ದೇ ಕಂಬ ಸೀಳಲು ಕಾರಣ. ಕಂಬ ಸೀಸದ್ದು, ಮೆದು, ಅದರ ಬುಡ ಬ್ಯಾಟರಿಯ ಒಳಗೆ ಜೋಡಣೆಯಾಗಿರುತ್ತದೆ. ಎಂದೂ ಹೊಡೆಯಬೇಡಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಕ್ಲಾಂಪಿನ ಬೋಲ್ಟ್ ಸಡಿಲಿಸಿ, ಬಾಯಿಯನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಅಗಲಿಸಿ, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಮೇಲಕ್ಕೆ ತೆಗೆಯಿರಿ. ಅಡುಗೆ ಸೋಡಾ ಕಲಸಿದ ನೀರಿನಿಂದ ಪುಡಿ ತೊಳೆದು, ಹೊಳೆಯುವವರೆಗೆ ಉಜ್ಜಿ, ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಪ್ಲಸ್‌ಗೆ ಪ್ಲಸ್ ಹಾಕಿ. ಕೊನೆಯ ಮೈನಸ್ ಕ್ಲಿಪ್ಪನ್ನು ನಿಂತ ಗಾಡಿಯ ಬ್ಯಾಟರಿಗೆ ಹಾಕದೆ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಹಾಕಿ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಗಾಳಿಗೆ ಕಿಡಿ ತಗುಲಿದರೆ ಅದು ಸಿಡಿಯುತ್ತದೆ. ಕಂಬ ಸೀಳಿದ ಬ್ಯಾಟರಿಗೆ ಈ ಕೆಲಸವನ್ನೇ ಮಾಡಬೇಡಿ, ಬೇರೆ ಬ್ಯಾಟರಿ ಕೂರಿಸಿ.

ಸೆಲ್ಫ್ ಮೋಟರಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಅಭ್ಯಾಸ ತುಂಬಾ ಜನರಿಗಿದೆ. ಹಾಗೆ ಮಾಡಿದಾಗ ನ್ಯೂಟ್ರಲ್ ಸ್ವಿಚ್ ಕೆಲಸ ಮಾಡುವುದಿಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಸ್ಟಾರ್ಟ್ ಆದ ಕ್ಷಣವೇ ಮುಂದೆ ಹೋಗುತ್ತದೆ, ನೀವು ನಿಂತಿರುವುದು ಹಿಂದಿನ ಗಾಲಿಯ ಮುಂದೆಯೇ. ಹೀಗೆ ಜನ ಸತ್ತಿದ್ದಾರೆ. ಎಷ್ಟೇ ತಡವಾಗಿರಲಿ, ಎಷ್ಟೇ ಸಿಟ್ಟು ಬಂದಿರಲಿ, ಅದೊಂದು ಬೇಡ.

ಮತ್ತೆ ಕೆಲಸಕ್ಕೆ ಇಳಿಸುವಾಗ

ಸ್ಟಾರ್ಟ್ ಆಯಿತು ಅಂದರೆ ದೋಷ ಹೋಯಿತು ಅಂತಲ್ಲ. ಬೆಳಿಗ್ಗೆ ಮುಕ್ಕಾಲು ಗಂಟೆಗೆ ನಿಂತಿದ್ದರೆ, ಅದೇ ಲೋಡ್ ಹಾಕಿ ಒಂದು ಗಂಟೆಯಾದರೂ ಓಡಿಸಿ. ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇದೆಯಾ ನೋಡಿ, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಬ್ಯಾಟರಿ ಇಳಿದಿರುತ್ತದೆ. ಬಿಚ್ಚಿದ ಪ್ರತಿ ಜಾಯಿಂಟ್ ಒರೆಸಿ ಒಣಗಿಸಿ.

ರಾತ್ರಿ ಕಾಕ್ ತೆರೆದೇ ಇಟ್ಟು ಫಿಲ್ಟರಿನ ಕೆಳಗೆ ಒಂದು ರಟ್ಟು ಹಾಕಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದ್ದರೆ ಅದರ ನೇರ ಮೇಲಿನ ವಾಷರ್ ನೋಡಿ. ರಟ್ಟು ಒಣಗಿದ್ದೂ ಮೊದಲ ಸಲ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಎಲ್ಲೋ ಇನ್ನೂ ಗಾಳಿ ಎಳೆಯುತ್ತಿದೆ. ನನ್ನ ರಟ್ಟು ಮರುದಿನ ಒಣಗಿತ್ತು, ಗಾಡಿ ಮೊದಲ ಸುತ್ತಿಗೇ ಸ್ಟಾರ್ಟ್ ಆಯಿತು, ಮತ್ತು ಉಳಿದ ಹೊಲ ಮಧ್ಯಾಹ್ನದೊಳಗೆ ಮುಗಿಯಿತು.